ಪುಟದ ನೆತ್ತಿಯ ಮೇಲಣ ಒಂದು ಸಾಲು

ಜಾಲತಾಣಗಳನ್ನು ಕಟ್ಟುವ ಕಸುಬಿನವರು ಹೊಸದೊಂದು ಪುಟಕ್ಕೆ ಕೈಹಚ್ಚುವಾಗ, ಅದರೊಳಗೆ ಏನೇನು ಬರತಕ್ಕದ್ದೆಂಬುದು ಇನ್ನೂ ನಿಶ್ಚಯವಾಗುವುದಕ್ಕೆ ಮುಂಚೆಯೇ, ‘ಹೆಡ್’ ಎಂಬ ಭಾಗದಲ್ಲಿ ಇರಿಸಿಬಿಡುವ ಸಾಲೊಂದುಂಟು: ಮೆಟಾ ಚಾರ್‌ಸೆಟ್ = "ಯುಟಿಎಫ್-8". ಲಗ್ನಪತ್ರಿಕೆಯ ತಲೆಯ ಮೇಲೆ ಶ್ರೀಕಾರ ಬರೆಯುವಷ್ಟೇ ಸಹಜವಾಗಿ, ಅಷ್ಟೇ ನಿರ್ವಿಚಾರವಾಗಿ, ಅದು ಅಲ್ಲಿ ಬಂದು ಕೂರುತ್ತದೆ. ಎಷ್ಟೋ ವೇಳೆ ಟೈಪು ಮಾಡುವ ಶ್ರಮವೂ ಇಲ್ಲ. ಎಡಿಟರೇ ತುಂಬಿಕೊಡುತ್ತದೆ, ಇಲ್ಲವೆ ಹಳೆಯ ಪ್ರಾಜೆಕ್ಟಿನಿಂದ ಕಾಪಿ-ಪೇಸ್ಟ್ ಆಗಿ ಬರುತ್ತದೆ. ಇಂಗ್ಲಿಷ್ ಪುಟದಲ್ಲಿ ಈ ಸಾಲು ತಪ್ಪಿಹೋದರೆ ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದು. ಕನ್ನಡ ಪುಟದಲ್ಲಿ ತಪ್ಪಿದರೆ ಪುಟವೇ ಉಳಿಯದಿರಬಹುದು. ಆದುದರಿಂದ ಇದರ ಪೂರ್ವವೃತ್ತಾಂತವನ್ನು ತಿಳಿಯಬೇಕಾದ ಪ್ರಸಕ್ತಿ ಅನ್ಯರಿಗಿಂತ ನಮಗೆ ಹೆಚ್ಚೆಂದೇ ನನ್ನ ಎಣಿಕೆ.

ಕಂಪ್ಯೂಟರಿಗೆ ಅಕ್ಷರದ ಪರಿಚಯವಿಲ್ಲ. ಅದು ಬಲ್ಲುದು ಸಂಖ್ಯೆಯನ್ನು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಡಂಬಡಿಕೆಯನ್ನು ಅಮೆರಿಕದವರು 1963ರಲ್ಲಿ ಆಸ್ಕಿ ಎಂಬ ಹೆಸರಿನಿಂದ ಮಾಡಿಕೊಂಡಾಗ ಅದರಲ್ಲಿದ್ದುದು 128 ಸ್ಥಾನಗಳು ಮಾತ್ರ. ಪಶ್ಚಿಮ ಯೂರೋಪಿನವರು ತಮ್ಮ ಗೆರೆ, ಚುಕ್ಕೆಗಳನ್ನು ಹೊತ್ತ ಅಕ್ಷರಗಳಿಗಾಗಿ ಅದನ್ನು 256ಕ್ಕೆ ವಿಸ್ತರಿಸಿ ಲ್ಯಾಟಿನ್-1 ಎಂಬುದನ್ನು ರಚಿಸಿದರು. 1995ರ ನವೆಂಬರಿನಲ್ಲಿ ಎಚ್‌ಟಿಎಂಎಲ್ 2.0 ಪ್ರಕಟವಾದಾಗ ಪುಟದ ಅಕ್ಷರಸಮೂಹವೆಂದು ಅಂಗೀಕೃತವಾದುದು ಇದೇ.

ಅಲ್ಲಿ ಎಡೆ ದೊರೆಯದ ಕನ್ನಡ ವೇಷ ಹಾಕಿತು. ರೋಮನ್ ಅಕ್ಷರಗಳಿಗೆ ಮೀಸಲಾಗಿದ್ದ ಸಂಖ್ಯೆಗಳ ಮೇಲೆಯೇ ನಮ್ಮ ಲಿಪಿಯ ತುಣುಕುಗಳನ್ನು, ಎಂದರೆ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳನ್ನು, ಬಿಡಿಬಿಡಿಯಾಗಿ ಕೂರಿಸಿದ ಫಾಂಟುಗಳು ಸಿದ್ಧವಾದವು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಹೊರಬಂತು, ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಅಳವಡಿಸಿಕೊಂಡ ‘ನುಡಿ’ಯನ್ನು ಕನ್ನಡ ಗಣಕ ಪರಿಷತ್ತು ರೂಪಿಸಿತು. ಈ ಉಪಕಾರವನ್ನು ಕನ್ನಡಿಗರು ಮರೆಯತಕ್ಕುದಲ್ಲ. ಆದರೆ ಜಾಲದಲ್ಲಿ ವೇಷಧಾರಿ ಅಕ್ಷರದ ಪಾಡು ಬೇರೆಯಾಗಿತ್ತು. ಓದುಗನ ಯಂತ್ರದಲ್ಲಿ ಅದೇ ಫಾಂಟು ಇಲ್ಲದಿದ್ದರೆ ಕಾಣುತ್ತಿದ್ದುದು ಅರ್ಥವಿಲ್ಲದ ರೋಮನ್ ಕಲಸುಮೇಲೋಗರ. 1997ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರ ಕಾಲದಿಂದ ಫಾಂಟನ್ನು ಪುಟದ ಜೊತೆಗೇ ಕಳಿಸುವ ಉಪಾಯವೊಂದು ಬಳಕೆಗೆ ಬಂದು ಆ ಕಷ್ಟವನ್ನು ಸ್ವಲ್ಪ ಮರೆಮಾಚಿತಾದರೂ, ಶೋಧಯಂತ್ರಕ್ಕೆ ಆ ಪುಟ ಕನ್ನಡವೆಂದೇ ತಿಳಿಯುತ್ತಿರಲಿಲ್ಲ. ಒಂದು ಪತ್ರಿಕೆಯ ಪುಟದಿಂದ ನಕಲು ಮಾಡಿದ ವಾಕ್ಯ ಇನ್ನೊಂದು ಫಾಂಟಿನಲ್ಲಿ ವಾಕ್ಯವಾಗಿ ಉಳಿಯುತ್ತಿರಲಿಲ್ಲ. ಇಂದಿಗೂ ಡಿಟಿಪಿ ಮಾಡುವವರಿಂದ ಬಂದ ಕಡತವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳದೆ ಜಾಲಕ್ಕೇರಿಸಲಾಗದ ಅವಸ್ಥೆಗೆ ಮೂಲ ಇದೇ.

ವೇಷ ಕಳಚುವುದಕ್ಕೆ ಬೇಕಾದ ಮೊದಲ ಸಾಧನ ಇಷ್ಟರಲ್ಲಾಗಲೇ ಇದ್ದಿತು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಚೌಕಟ್ಟನ್ನು ಕೊಟ್ಟ ಇಸ್ಕಿ ಸಂಕೇತದ 1988ರ ರೂಪವನ್ನು ಆಧಾರವಾಗಿಟ್ಟುಕೊಂಡು, 1991ರಲ್ಲಿ ಹೊರಟ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳ ಪ್ರತ್ಯೇಕ ಕೇರಿಯೊಂದು ದೊರೆತಿತ್ತು. ಅದರಲ್ಲಿ ‘ಕ’ಕಾರದ ಸಂಖ್ಯೆ 3221. ಆದರೆ ಸಂಖ್ಯೆ ಗೊತ್ತಾದರೆ ಸಾಲದು, ಅದನ್ನು ತಂತಿಯ ಮೇಲೆ ಸಾಗಿಸುವ ಬಗೆಯೂ ಬೇಕು. ಬೈಟು ಎಂಬುದರಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯದು. ಎಲ್ಲ ಅಕ್ಷರಕ್ಕೂ ಎರಡೆರಡು ಬೈಟು ಕೊಡೋಣವೆಂದರೆ, ಇಂಗ್ಲಿಷ್ ಅಕ್ಷರಗಳ ನಡುನಡುವೆ ಸೊನ್ನೆಗಳು ತೂರಿಕೊಂಡು, ಸೊನ್ನೆಯನ್ನು ಕಂಡಲ್ಲಿ ಮಾತು ಮುಗಿಯಿತೆಂದು ತಿಳಿಯುವ ಹಳೆಯ ಪ್ರೋಗ್ರಾಮುಗಳೆಲ್ಲ ಕಂಗೆಡುತ್ತಿದ್ದವು.

ಈ ತೊಡಕು ಬಿಡಿಸಿಕೊಂಡ ಬಗೆಯನ್ನು, ಆ ಕೆಲಸದಲ್ಲಿ ಜೊತೆಗಿದ್ದ ರಾಬ್ ಪೈಕ್ ಬರೆದಿಟ್ಟಿದ್ದಾರೆ. 1992ನೆಯ ಇಸವಿ ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ, ನ್ಯೂಜೆರ್ಸಿಯ ಸಾಧಾರಣ ಹೋಟೆಲೊಂದರಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ, ಯೂನಿಕ್ಸಿನ ನಿರ್ಮಾತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್ ಹೊಸ ಕ್ರಮವನ್ನು ಗೀಚಿ ತೋರಿಸಿದರಂತೆ. ಅದೇ ವಾರದ ಶುಕ್ರವಾರದ ವೇಳೆಗೆ ಅವರ ‘ಪ್ಲಾನ್ 9’ ವ್ಯವಸ್ಥೆ ಪೂರ್ತಿಯಾಗಿ ಅದರ ಮೇಲೆಯೇ ನಡೆಯತೊಡಗಿತ್ತು. ಆ ಕಾಗದವನ್ನು ಯಾರೂ ಎತ್ತಿಡಲಿಲ್ಲವೆಂಬುದು ಪೈಕ್ ಅವರ ವಿಷಾದ. ಕ್ರಮವೇನೋ ಸರಳ: ಆಸ್ಕಿಯ 128 ಸಂಕೇತಗಳು ಹಿಂದೆ ಹೇಗಿದ್ದವೋ ಹಾಗೆಯೇ ಒಂದೊಂದು ಬೈಟಿನಲ್ಲಿರಲಿ, ಉಳಿದ ಅಕ್ಷರಗಳಿಗೆ, ತನ್ನ ಹಿಂದೆ ಎಷ್ಟು ಬೈಟುಗಳು ಬರುತ್ತಿವೆಯೆಂಬುದನ್ನು ಮುಂದಾಳು ಬೈಟೇ ಸಾರಲಿ, ಹಿಂಬಾಲಕರಿಗೆ ಮುಂದಾಳಿನಿಂದ ಭಿನ್ನವಾದ ಗುರುತಿರಲಿ. ಇದರಿಂದ ಪ್ರವಾಹದ ನಡುವೆ ಎಲ್ಲಿ ಇಳಿದರೂ ಅಕ್ಷರದ ಆರಂಭ ಸಿಕ್ಕುತ್ತದೆ, ಮತ್ತು ಹಳೆಯ ಆಸ್ಕಿ ಕಡತ ಒಂದು ಚುಕ್ಕೆಯೂ ಬದಲಾಗದೆ ಹೊಸ ಕ್ರಮದ ಕಡತವೂ ಆಗಿಬಿಡುತ್ತದೆ. ಹಳಬರನ್ನು ಒಕ್ಕಲೆಬ್ಬಿಸದೆ ಹೊಸಬರಿಗೆ ಮನೆ ಕೊಟ್ಟ ಈ ದಾಕ್ಷಿಣ್ಯವೇ ಯುಟಿಎಫ್-8ರ ವಿಜಯಕ್ಕೆ ಮುಖ್ಯ ಕಾರಣವೆಂದು ನನಗನ್ನಿಸುತ್ತದೆ.

ನಮ್ಮ ‘ಕ’ ಈ ಕ್ರಮದಲ್ಲಿ 224, 178, 149 ಎಂಬ ಮೂರು ಬೈಟುಗಳಾಗಿ ಪಯಣಿಸುತ್ತದೆ. ಇದು ಯುಟಿಎಫ್-8 ಎಂದು ಬ್ರೌಸರಿಗೆ ಯಾರೂ ಹೇಳದೆ, ಅದು ಪಶ್ಚಿಮ ಯೂರೋಪಿನ ಹಳೆಯ ಪಟ್ಟಿಯನ್ನು ಹಿಡಿದು ಓದಿತೆನ್ನಿ: ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ‘ಎ’, ಮೇಲಕ್ಕೇರಿಸಿದ ಚಿಕ್ಕ 2, ಒಂದು ದಪ್ಪ ಚುಕ್ಕೆ, ಇವು ಸಾಲಾಗಿ ಮೂಡುತ್ತವೆ. ಕನ್ನಡದ ಪ್ರತಿಯೊಂದು ಅಕ್ಷರವೂ 224ರಿಂದಲೇ ಆರಂಭವಾಗುವುದರಿಂದ ಕೆಟ್ಟ ಪುಟದ ತುಂಬ ಅದೇ ‘ಎ’ಕಾರದ ಸಂತೆ. ಕಣ್ಣು ಪಳಗಿದ ಡೆವಲಪರ್ ಅದನ್ನು ಕಂಡೊಡನೆ, ಅಕ್ಷರಗಳು ನಾಶವಾಗಿಲ್ಲ, ಓದುವ ಪಟ್ಟಿ ಮಾತ್ರ ತಪ್ಪಿದೆ ಎಂದು ನಿಟ್ಟುಸಿರುಬಿಡುತ್ತಾನೆ.

ಬ್ರೌಸರಿಗೆ ಹೀಗೆ ಹೇಳುವ ಸಾಲು ಮೊದಲು ಬಹಳ ಉದ್ದವಾಗಿತ್ತು. ‘ಎಚ್‌ಟಿಟಿಪಿ-ಈಕ್ವಿವ್’, ‘ಕಂಟೆಂಟ್-ಟೈಪ್’, ‘ಟೆಕ್ಸ್ಟ್/ಎಚ್‌ಟಿಎಂಎಲ್’ ಎಂದೆಲ್ಲ ನುಡಿದ ಮೇಲೆ ಕೊನೆಗೆ ಚಾರ್‌ಸೆಟ್ಟಿನ ಮಾತು ಬರುತ್ತಿತ್ತು. ಅದು ಮೊಟಕಾದ ಕಥೆ ತಮಾಷೆಯಾದುದು. ಬರೆಯುವವರು ಅವಸರದಲ್ಲಿ ಉದ್ಧರಣ ಚಿಹ್ನೆಗಳನ್ನು ಬಿಟ್ಟುಬಿಡುತ್ತಿದ್ದರಾಗಿ, ವ್ಯಾಕರಣದ ಪ್ರಕಾರ ‘ಚಾರ್‌ಸೆಟ್’ ಎಂಬುದು ಒಂದು ಸ್ವತಂತ್ರ ಗುಣವಾಗಿ ಬೇರ್ಪಡುತ್ತಿತ್ತು. ಆ ತಪ್ಪನ್ನು ಸಹಿಸಿಕೊಂಡು ಅರ್ಥಮಾಡಿಕೊಳ್ಳುವುದನ್ನು ಬ್ರೌಸರುಗಳು ಆಗಲೇ ಕಲಿತಿದ್ದವು. ಎಚ್‌ಟಿಎಂಎಲ್ 5ನ್ನು ರೂಪಿಸಿದವರು ಈ ರೂಢಿಯನ್ನೇ ನಿಯಮವೆಂದು ಬರೆದುಕೊಂಡರು. ಶಾಸ್ತ್ರ ಪ್ರಯೋಗವನ್ನು ಅನುಸರಿಸಬೇಕೆಂಬ ವೈಯಾಕರಣರ ಹಳೆಯ ಮಾತು ಇಲ್ಲಿಯೂ ಸಂದಿತೆನ್ನಬೇಕು.

ಸಾಲು ಚಿಕ್ಕದಾದರೂ ಅದಕ್ಕೆ ಕಟ್ಟುಪಾಡುಗಳುಂಟು. ಅದು ಪುಟದ ಮೊದಲ 1024 ಬೈಟುಗಳೊಳಗೇ ಬರಬೇಕು; ಅದಕ್ಕೂ ಮುಂಚೆ ಉದ್ದುದ್ದ ಟಿಪ್ಪಣಿಗಳನ್ನೂ ಸ್ಕ್ರಿಪ್ಟುಗಳನ್ನೂ ತುಂಬಿದರೆ ಬ್ರೌಸರ್ ಹುಡುಕುವುದನ್ನು ಬಿಟ್ಟುಬಿಡಬಹುದು. ಸರ್ವರು ತಾನು ಕಳಿಸುವ ಹೆಡರಿನಲ್ಲಿ ಬೇರೆ ಹೆಸರನ್ನು ಹೇಳಿದರೆ ಮಾನ್ಯವಾಗುವುದು ಸರ್ವರಿನ ಮಾತೇ. ಆದ್ದರಿಂದ ಸಾಲು ಸರಿಯಿದ್ದೂ ಪುಟ ಕೆಟ್ಟಿದ್ದರೆ ಮೊದಲು ನೋಡಬೇಕಾದುದು ಹೆಡರನ್ನು. ಕಡತವನ್ನು ಯುಟಿಎಫ್-8ರಲ್ಲಿಯೇ ಸೇವ್ ಮಾಡಿರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಪುಟದ ಹಿಂದಿನ ಡೇಟಾಬೇಸಿನ ಕಡೆಗೂ ಒಂದು ನೋಟ ಅವಶ್ಯಕ. ಮೈಸೀಕ್ವೆಲ್‌ನಲ್ಲಿ ‘ಯುಟಿಎಫ್8’ ಎಂದು ಹೆಸರಿಟ್ಟಿದ್ದ ಕ್ರಮ ಬಹುಕಾಲ ಅಕ್ಷರವೊಂದಕ್ಕೆ ಮೂರು ಬೈಟಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಕನ್ನಡದ ಅಕ್ಷರ ಮೂರರಲ್ಲಿ ಮುಗಿಯುವುದರಿಂದ ನಮ್ಮವರಿಗೆ ಈ ಕೊರತೆ ತಿಳಿಯಲೇ ಇಲ್ಲ. ನಾಲ್ಕು ಬೈಟಿನ ಇಮೋಜಿಗಳು ಬಂದ ಮೇಲೆ, ಸಡಿಲ ಸೆಟ್ಟಿಂಗಿನ ಸರ್ವರುಗಳಲ್ಲಿ, ವಾಕ್ಯದ ನಡುವೆ ನಗುಮೊಗವೊಂದನ್ನು ಇಟ್ಟರೆ ಅಲ್ಲಿಂದ ಮುಂದಿನ ಕನ್ನಡವೆಲ್ಲ ಮಾಯವಾಗತೊಡಗಿತು. 2010ರಲ್ಲಿ ಬಂದ ‘ಯುಟಿಎಫ್8ಎಂಬಿ4’ ಇದಕ್ಕೆ ಪರಿಹಾರ. ಹೊಸ ಟೇಬಲ್ಲಿಗೆ ಅದನ್ನೇ ಕೊಡತಕ್ಕದ್ದು.

ಎಣಿಕೆಯ ವಿಷಯದಲ್ಲಂತೂ ಇನ್ನೂ ಜಾಗರೂಕತೆ ಬೇಕು. ‘ಕನ್ನಡ’ ಎಂಬ ಪದದಲ್ಲಿ ಶಾಲೆಯ ಮಗು ಮೂರು ಅಕ್ಷರ ಕಾಣುತ್ತದೆ. ಜಾವಾಸ್ಕ್ರಿಪ್ಟಿನ ‘ಲೆಂಗ್ತ್’ ಐದೆನ್ನುತ್ತದೆ. ಪಿಎಚ್‌ಪಿಯ ‘ಸ್ಟ್ರ್‌ಲೆನ್’ ಹದಿನೈದೆನ್ನುತ್ತದೆ. ಸುದ್ದಿಯ ಸಾರಾಂಶವನ್ನು ಇಷ್ಟು ಬೈಟಿಗೆ ಕತ್ತರಿಸೆಂದು ಇಂಗ್ಲಿಷಿಗಾಗಿ ಬರೆದ ಕೋಡನ್ನು ಕನ್ನಡಕ್ಕೆ ಹಚ್ಚಿದರೆ, ಅಕ್ಷರದ ನಡುಮಧ್ಯೆ ಕತ್ತರಿ ಬಿದ್ದು, ಕೊನೆಯಲ್ಲಿ ಪ್ರಶ್ನೆಚಿಹ್ನೆ ಹೊತ್ತ ಕರಿಯ ವಜ್ರಾಕೃತಿಯೊಂದು ಉಳಿಯುತ್ತದೆ. ಪಿಎಚ್‌ಪಿಯಲ್ಲಿ ‘ಎಂಬಿ_ಸಬ್‌ಸ್ಟ್ರ್’ ಬಳಸಿದರೆ ವಜ್ರಾಕೃತಿ ತಪ್ಪೀತು, ಆದರೆ ‘ಕಿ’ ಹೋಗಿ ‘ಕ’ ಉಳಿಯುವ ಭಯ ತಪ್ಪದು. ಪದಗಳ ನಡುವಣ ತೆರಪನ್ನು ನೋಡಿ ಕತ್ತರಿಸುವುದೇ ಕ್ಷೇಮ.

ಕೊನೆಗೆ, ಅಕ್ಷರಗಳು ತೆರೆಯ ಮೇಲೆ ಕಾಣುವ ಬಗೆಯ ಮಾತು. ತಲೆಬರಹಗಳಿಗೆ ‘ಓವರ್‌ಫ್ಲೋ ಹಿಡನ್’ ಹಾಕಿ, ಇಂಗ್ಲಿಷಿನ ಮಾದರಿಯಲ್ಲಿ ಲೈನ್-ಹೈಟನ್ನು 1.2ಕ್ಕೆ ಇಳಿಸಿದಲ್ಲಿ ಒತ್ತಕ್ಷರಗಳ ಬುಡ ಕತ್ತರಿಸಿಹೋಗುವುದುಂಟು. ಅದನ್ನು 1.6ರ ಸುಮಾರಿಗೆ ಏರಿಸಿ, ‘ರಾಷ್ಟ್ರ’, ‘ಶಾಸ್ತ್ರ’ಗಳಂಥ ಎರಡೊತ್ತಿನ ಪದಗಳನ್ನು ಇಟ್ಟು ಮೊಬೈಲಿನ ತೆರೆಯ ಮೇಲೂ ಒಮ್ಮೆ ನೋಡಿಕೊಂಡ ತರುವಾಯ ಪುಟವನ್ನು ಲೈವ್ ಮಾಡಬಹುದು.