ಬೆಕ್ಕಿನ ಮರಿಯೂ ಹಿತ್ತಲಿನ ರಗಳೆಯೂ

ಸೌದೆಯ ಕೊಟ್ಟಿಗೆಯಲ್ಲಿ ಬೆಕ್ಕು ಮರಿ ಹಾಕಿದೆಯೆಂಬ ಸುದ್ದಿ ಯಾವ ಮನೆಯಲ್ಲಿಯೇ ಆಗಲಿ ಮೊದಲು ತಿಳಿಯುವುದು ಮಕ್ಕಳಿಗೆ. ಕಟ್ಟಕಡೆಗೆ ತಿಳಿಯುವುದು ಮನೆಯ ಯಜಮಾನರಿಗೆ. ಮೈಸೂರಿನ ಹಳೆಯ ಬಡಾವಣೆಯೊಂದರ ಹೆಂಚಿನ ಮನೆಯಲ್ಲಿಯೂ ಹೀಗೆಯೇ ಆಯಿತು. ಯಜಮಾನರ ಕಿವಿಗೆ ವಿಷಯ ಬೀಳುವ ಹೊತ್ತಿಗೆ ತಾಯಿ ಬೆಕ್ಕು ಮೂರು ಮರಿಗಳ ಪೈಕಿ ಎರಡನ್ನು ಕಚ್ಚಿಕೊಂಡು ಬೇರೆಡೆಗೆ ಸಾಗಿಸಿ, ಬೂದುಬಣ್ಣದ ಒಂದನ್ನು ಹಿಂದೆ ಬಿಟ್ಟು ಹೋಗಿದ್ದಿತು.

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂಬುದು ಹಿರಿಯರ ಮಾತು. ಎಣಿಕೆ ಏಳೇ ಆಗಬೇಕೆಂದೇನೂ ಇಲ್ಲ. ಆದರೆ ಎಡೆ ಬದಲಿಸುವುದು ನಿಜ. ಜನರ ಸುಳಿದಾಟ ಹೆಚ್ಚಾಯಿತೆಂದು ಕಂಡರೆ ತಾಯಿ ಮರಿಗಳನ್ನು ಒಂದೊಂದಾಗಿ ಕತ್ತಿನ ಸಡಿಲು ಚರ್ಮ ಹಿಡಿದು ಒಯ್ಯುತ್ತದೆ. ಆದುದರಿಂದ ಒಂಟಿ ಮರಿಯನ್ನು ಕಂಡೊಡನೆ ಅನಾಥವೆಂದು ಬಗೆದು ಎತ್ತಿಕೊಳ್ಳುವುದು ಸರಿಯಲ್ಲ. ಕೆಲವು ಗಂಟೆಗಳಾದರೂ ದೂರದಿಂದ ಕಾದು ನೋಡಬೇಕು. ಈ ಮನೆಯ ಅಜ್ಜಿ ಪಶುವೈದ್ಯ ಓದಿದವರಲ್ಲ. ಆದರೂ ಹೇಳಿದ್ದು ಅದನ್ನೇ. ಮಕ್ಕಳಿಬ್ಬರೂ ಹಿತ್ತಲ ಕಡೆಯ ಕಿಟಕಿಯ ಸರಳಿಗೆ ಮುಖವಿಟ್ಟು ಸರದಿಯ ಮೇಲೆ ಕಾದರು. ತಾಯಿ ಬರಲಿಲ್ಲ. ಸಂಜೆ ಮಳೆ ಹನಿಯತೊಡಗಿದಾಗ ಮರಿ, ಹುಡುಗನ ಅಂಗಿಯ ಮಡಿಲಲ್ಲಿ, ಮನೆಯೊಳಗೆ ಬಂದಿತು.

ಶ್ರೀವೈಷ್ಣವ ಸಂಪ್ರದಾಯದಲ್ಲಿ ಮರ್ಕಟಕಿಶೋರ, ಮಾರ್ಜಾಲಕಿಶೋರ ಎಂಬ ಎರಡು ನ್ಯಾಯಗಳ ಚರ್ಚೆಯುಂಟು. ಕೋತಿಯ ಮರಿ ತಾನೇ ತಾಯಿಯನ್ನು ಬಿಗಿದಪ್ಪಿ ಹಿಡಿಯುತ್ತದೆ. ಬೆಕ್ಕಿನ ಮರಿಗೆ ಆ ಪ್ರಯತ್ನವೂ ಇಲ್ಲ, ತಾಯಿ ಹಿಡಿದಂತೆ, ಒಯ್ದಂತೆ. ಅಂಥ ತಾಯಿಯೇ ಕೈಬಿಟ್ಟ ಮೇಲೆ ಆ ಭಾರ ಯಾರ ಮೇಲಾದರೂ ಬೀಳಲೇಬೇಕಷ್ಟೆ. ಇಲ್ಲಿ ಬಿದ್ದದ್ದು ಗೃಹಿಣಿಯ ಮೇಲೆ.

ಆಕೆ ಮೊದಲು ಮಾಡಿದ ಕೆಲಸ, ಎಲ್ಲ ಗೃಹಿಣಿಯರೂ ಮಾಡುವಂಥದು: ಬಟ್ಟಲಲ್ಲಿ ಹಸುವಿನ ಹಾಲು. ರಾತ್ರಿ ಕಳೆಯುವುದರೊಳಗೆ ಮರಿಗೆ ಭೇದಿಯಾಯಿತು. ಬೆಕ್ಕಿಗೂ ಹಾಲಿಗೂ ಇರುವ ನಂಟು ಗಾದೆಗಳಲ್ಲಿ ಗಟ್ಟಿಯಾಗಿದೆಯೇ ಹೊರತು ಜೀರ್ಣಾಂಗಗಳಲ್ಲಿ ಅಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಶಕ್ತಿ ಮರಿ ಬೆಳೆದಂತೆ ಕುಗ್ಗುತ್ತದೆ. ಇನ್ನೂ ಹಲ್ಲು ಮೂಡದ ಎಳೆಯ ಮರಿಗೆ ಬೇಕಾದುದು ಬೆಕ್ಕಿನ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿ. ಈ ಮರಿಗಾದರೋ ಪುಟ್ಟ ಹಲ್ಲುಗಳಾಗಲೇ ಬಂದಿದ್ದವು, ಕಣ್ಣಿನ ಹುಟ್ಟುನೀಲಿ ಮಾಸುತ್ತಲಿತ್ತು. ಆರೇಳು ವಾರದ್ದೆಂದು ಪಶುವೈದ್ಯರು ಅಂದಾಜು ಮಾಡಿದರು.

ಆಹಾರದ ಮಾತಿಗೆ ಬಂದಾಗ ಮನೆಯಲ್ಲಿ ಸಣ್ಣದೊಂದು ಧರ್ಮಸಂಕಟವೇ ಹುಟ್ಟಿತು. ಅದು ಮೊಟ್ಟೆಯನ್ನೂ ಮುಟ್ಟದ ಮನೆ. ಮೊಸರನ್ನವನ್ನು ಬೆಕ್ಕು ಬೇಡವೆನ್ನುವುದಿಲ್ಲ. ಆದರೆ ಅದರಿಂದಷ್ಟೇ ಬದುಕಲಾರದು. ಟಾರೀನ್ ಎಂಬ ಪೋಷಕಾಂಶ ಮಾಂಸಾಹಾರದಲ್ಲಿಯೇ ಉಂಟು. ಬೆಕ್ಕಿನ ದೇಹಕ್ಕೆ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾಗದು. ದೀರ್ಘಕಾಲ ಅದು ದೊರೆಯದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಮೊಸರನ್ನವುಂಡು ಹಿಂದೆ ಬೆಕ್ಕುಗಳು ಬದುಕಿರಲಿಲ್ಲವೆ ಎಂದು ಅಜ್ಜಿ ಕೇಳಿದರು. ಬದುಕಿದ್ದವು, ಉಳಿದುದನ್ನು ಅವು ಇಲಿ, ಹಲ್ಲಿಗಳಿಂದ ತಾವೇ ಸಂಪಾದಿಸಿಕೊಳ್ಳುತ್ತಿದ್ದವು. ಕೊನೆಗೆ ಅಂಗಡಿಯಲ್ಲಿ ಸಿಗುವ ಒಣ ಆಹಾರದ ಪೊಟ್ಟಣವನ್ನು ತಂದು, ಅಡಿಗೆಮನೆಯೊಳಗೆ ಬಿಡದೆ, ಬಚ್ಚಲ ಪಕ್ಕದ ಗೂಡಿನಲ್ಲಿ ಇಡುವುದೆಂದು ರಾಜಿಯಾಯಿತು.

ಯಜಮಾನರು ಒಪ್ಪಿದ್ದು ಬೇರೊಂದು ಆಸೆಯಿಂದ. ಹಿತ್ತಲಿನಲ್ಲಿ ಇಲಿ, ಹೆಗ್ಗಣಗಳ ಕಾಟ ಮಿತಿಮೀರಿತ್ತು. ಮನುಷ್ಯನಿಗೂ ಬೆಕ್ಕಿಗೂ ಗೆಳೆತನ ಬೆಳೆದದ್ದೇ ಧಾನ್ಯದ ಕಣಜಕ್ಕೆ ಬಂದ ಇಲಿಗಳ ದೆಸೆಯಿಂದ ಎಂದು ವಿದ್ವಾಂಸರು ಬಗೆಯುತ್ತಾರೆ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಬಳಿಯೇ ಬೆಕ್ಕನ್ನು ಹೂಳಿದ್ದ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದರ ಸಂಗತಿ 2004ರಲ್ಲಿ ಪ್ರಕಟವಾಯಿತು. ಆದರೆ ಅಂಗೈಯಗಲದ ಮರಿ ಇಲಿ ಹಿಡಿಯಲು ಇನ್ನೂ ತಿಂಗಳುಗಳು ಬೇಕು. ಸದ್ಯಕ್ಕೆ ಹೆಗ್ಗಣವೇ ಮರಿಯನ್ನು ಹಿಡಿದೀತು!

ಆ ಹಿತ್ತಲನ್ನು ಒಮ್ಮೆ ನೋಡಬೇಕು. ನಿಂಬೆ, ಕರಿಬೇವು, ಎರಡು ಬಾಳೆ. ಗೋಡೆಯುದ್ದಕ್ಕೂ ಪೂಜೆಗೆಂದು ಬೆಳೆಸಿದ ಕಣಗಿಲೆ. ಬಟ್ಟೆ ಒಗೆಯುವ ಕಲ್ಲಿನ ಸುತ್ತ ನಿಂತ ಬಚ್ಚಲ ನೀರು. ರಿಪೇರಿಯ ಕಾಲದಲ್ಲಿ ಇಳಿಸಿದ ಹೆಂಚುಗಳ ರಾಶಿ. ಅದರ ಮೇಲೆ ತೆಂಗಿನ ಗರಿ. ಉಳಿದೆಡೆಯೆಲ್ಲ ಎದೆಮಟ್ಟದ ಕಾಂಗ್ರೆಸ್ ಗಿಡ. ಮೂಲೆಮೂಲೆಯಲ್ಲಿ ಯಜಮಾನರು ಕಾಗದದ ಚೂರಿನ ಮೇಲೆ ಇಟ್ಟಿದ್ದ ಇಲಿಪಾಷಾಣ.

ಅಪಾಯವಿದ್ದುದು ಇದರಲ್ಲಿಯೇ. ಬೂದಿಗಪ್ಪಿನ ಇಲಿಪಾಷಾಣದ ಪುಡಿ ಸಾಮಾನ್ಯವಾಗಿ ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲದೊಡನೆ ಕೂಡಿದಾಗ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ, ಅದಕ್ಕೆ ಪ್ರತ್ಯೌಷಧವಿಲ್ಲ. ಬಿಲ್ಲೆಯ ರೂಪದಲ್ಲಿ ಮಾರುವ ಇನ್ನೊಂದು ಬಗೆ ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳಲ್ಲಿ ಕೊಲ್ಲುತ್ತದೆ. ಬೆಕ್ಕು ವಿಷವನ್ನೇ ತಿನ್ನಬೇಕೆಂದಿಲ್ಲ; ವಿಷ ತಿಂದು ತೂರಾಡುವ ಇಲಿಯನ್ನು ಹಿಡಿದು ತಿಂದರೂ ಅಪಾಯವುಂಟು. ಇಲಿಗಾಗಿ ಬೆಕ್ಕು, ಇಲಿಗಾಗಿ ವಿಷ, ಎರಡನ್ನೂ ಒಂದೇ ಹಿತ್ತಲಲ್ಲಿ ಇಡಲಾಗದು. ಯಜಮಾನರು ಒಂದು ಸಂಜೆ ಕೈಗೆ ಚೀಲ ಸುತ್ತಿಕೊಂಡು ಅಷ್ಟನ್ನೂ ಆಯ್ದು ತೆಗೆದರು. ಎಂಟು ಕಡೆ ಇಟ್ಟ ನೆನಪು, ಸಿಕ್ಕಿದ್ದು ಏಳು. ಎಂಟನೆಯದು ಸಿಗುವವರೆಗೆ, ಮೂರು ದಿನ, ಮರಿಗೆ ನಡುಮನೆಯಲ್ಲಿ ಸೆರೆವಾಸ. ಹೆಂಚಿನ ರಾಶಿಯನ್ನು ಕದಲಿಸಿದ ಮೇಲೆ ಅದು ದೊರೆಯಿತು. ಜೊತೆಗೆ ಹೆಗ್ಗಣದ ಬಿಲವೂ ಕಾಣಿಸಿತು. ಹೆಂಚು ತೆಗೆಸಿ, ಗರಿ ಹೊರಹಾಕಿ, ಮುಸುರೆಯ ಬಕೆಟ್ಟಿಗೆ ಮುಚ್ಚಳವಿಟ್ಟ ಮೇಲೆ ಹೆಗ್ಗಣಗಳು ತಾವಾಗಿಯೇ ವಿರಳವಾದವು. ಇಲಿಯನ್ನರಸಿ ಹಾವು ಬರುವ ಭಯವೂ ಅಷ್ಟರಮಟ್ಟಿಗೆ ಇಳಿಯಿತು.

ಕಾಂಗ್ರೆಸ್ ಗಿಡವನ್ನು ಕೀಳುವುದೇ ದೊಡ್ಡ ಕೆಲಸವಾಯಿತು. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವನ್ನೇ ಆವರಿಸಿದ ಈ ಕಳೆಯನ್ನು ಮೇಯಲು ಮೆಕ್ಸಿಕೋದ ಜೀರುಂಡೆಯೊಂದನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಜೀರುಂಡೆ ತನ್ನ ಪಾಲಿನದನ್ನು ಮೇಯುತ್ತಿದೆ. ಗಿಡವೂ ತನ್ನ ಪಾಡಿಗೆ ಬೆಳೆಯುತ್ತಿದೆ. ಬರಿಗೈಯಲ್ಲಿ ಮುಟ್ಟಿದರೆ ಹಲವರಿಗೆ ಚರ್ಮದ ತುರಿಕೆ, ಪರಾಗದಿಂದ ಉಬ್ಬಸ. ಹೂಬಿಡುವ ಮೊದಲೇ, ಕೈಚೀಲ ತೊಟ್ಟು, ಮಳೆಯ ಮರುದಿನ ಮಣ್ಣು ಮೆತ್ತಗಿದ್ದಾಗ ಬೇರುಸಹಿತ ಕೀಳುವುದೇ ಮಾರ್ಗ.

ಇಷ್ಟೆಲ್ಲ ಶುಚಿಗೊಳಿಸಿದ ಮೇಲೆ ಗೃಹಿಣಿ ಕಲ್ಲುಚಪ್ಪಡಿಗೆ ಫಿನಾಯಿಲ್ ಸುರಿಯಹೊರಟಳು. ಪಶುವೈದ್ಯರು ಬೇಡವೆಂದರು. ಫಿನಾಯಿಲಿನಂಥ ದ್ರವ್ಯಗಳನ್ನು ನಿರ್ವಿಷಗೊಳಿಸುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿನಲ್ಲಿ ಬಹಳ ಕಡಮೆ. ಒದ್ದೆ ನೆಲದ ಮೇಲೆ ನಡೆದು ಬಂದ ಬೆಕ್ಕು ಪಾದವನ್ನು ನೆಕ್ಕಿಕೊಳ್ಳುತ್ತದೆ. ಇದೇ ಕಾರಣದಿಂದ ಮನುಷ್ಯರ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಗುಳಿಗೆ ಬೆಕ್ಕಿಗೆ ಪ್ರಾಣಾಂತಿಕ. ಕಣಗಿಲೆಯೂ ವಿಷವೇ, ದೇವರ ಹೂವೆಂದು ಅದನ್ನು ಕಡಿಸಲು ಅಜ್ಜಿ ಒಪ್ಪಲಿಲ್ಲ, ಬುಡಕ್ಕೆ ತಂತಿಬಲೆ ಬಂದಿತು.

ಅಷ್ಟರಲ್ಲಿ ನಿಜವಾದ ಬಿಕ್ಕಟ್ಟು ಬಂದಿತು. ಬಸುರಿಯಾದ ಹಿರಿಯ ಮಗಳು ಬಾಣಂತನಕ್ಕೆಂದು ತವರಿಗೆ ಬರುವವಳಿದ್ದಳು. ಬಸುರಿ ಇರುವ ಮನೆಯಲ್ಲಿ ಬೆಕ್ಕು ಕೂಡದೆಂದು ನೆಂಟರೊಬ್ಬರು ಫೋನಿನಲ್ಲಿ ಎಚ್ಚರಿಸಿದರು. ಮರಿಯನ್ನು ಗೋಣಿಚೀಲದಲ್ಲಿ ಹಾಕಿ ಮಾರುಕಟ್ಟೆಯ ಬಳಿ ಬಿಟ್ಟು ಬರುವುದೆಂದು ಯಜಮಾನರು ನಿಶ್ಚಯಿಸಿ, ಚೀಲವನ್ನೂ ಒಣಗಲು ಹಾಕಿದರು. ಮಕ್ಕಳು ಆ ರಾತ್ರಿ ಊಟ ಮಾಡಲಿಲ್ಲ.

ನೆಂಟರ ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಬೆಕ್ಕಿನ ಮಲದಲ್ಲಿ ಹೊರಬೀಳುವುದುಂಟು. ಗರ್ಭಿಣಿಗೆ ಮೊದಲ ಬಾರಿ ಅದರ ಸೋಂಕು ತಗಲಿದರೆ ಶಿಶುವಿಗೆ ಹಾನಿಯಾಗಬಹುದು. ಆದರೆ ಹೊರಬಿದ್ದೊಡನೆ ಅದು ಸೋಂಕು ತಗುಲಿಸಲಾರದು. ಅದಕ್ಕೆ ಒಂದರಿಂದ ಐದು ದಿನ ಬೇಕು. ದಿನವೂ ಮಲವನ್ನು ಬೇರೆಯವರು ತೆಗೆದುಹಾಕಿದರೆ, ಗರ್ಭಿಣಿ ಹಿತ್ತಲಿನ ಮಣ್ಣನ್ನು ಬರಿಗೈಯಲ್ಲಿ ಮುಟ್ಟದಿದ್ದರೆ, ಸೊಪ್ಪು ತರಕಾರಿಯನ್ನು ಚೆನ್ನಾಗಿ ತೊಳೆದರೆ ಬೆಕ್ಕನ್ನು ಹೊರಗಟ್ಟಬೇಕಾದುದಿಲ್ಲ. ಮಗಳನ್ನು ನೋಡುತ್ತಿದ್ದ ವೈದ್ಯೆ ಹೀಗೆ ಹೇಳಿ, ಬೆಕ್ಕಿಗಿಂತ ಹೆಚ್ಚಾಗಿ ಕೊತ್ತಂಬರಿ ಪಾತಿಯ ವಿಷಯದಲ್ಲಿ ಎಚ್ಚರವಿರಲೆಂದರು. ಏಕೆಂದರೆ ಮರಿ ತನ್ನ ಶೌಚಕ್ಕೆ ಆರಿಸಿಕೊಂಡಿದ್ದುದು ಅದೇ ಪಾತಿಯ ಸಡಿಲು ಮಣ್ಣನ್ನು. ಹುಡುಗ ಹಳೆಯ ತಟ್ಟೆಯಲ್ಲಿ ಮರಳು ತುಂಬಿ ಬಚ್ಚಲ ಮೂಲೆಯಲ್ಲಿಟ್ಟನು. ಪಾತಿಗೆ ನಿಂಬೆಮುಳ್ಳಿನ ಬೇಲಿ ಬಿದ್ದಿತು. ಆ ವರ್ಷದ ಕೊತ್ತಂಬರಿಯನ್ನು ಮಾತ್ರ ಯಾರೂ ತಿನ್ನಲಿಲ್ಲ.

ಮರಿಗೆ ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಲಾಯಿತು. ಆ ರೋಗ ಬೆಕ್ಕಿನಿಂದಲೂ ಬರುತ್ತದೆ. ಅಷ್ಟರೊಳಗೆ ಅದು ಒಮ್ಮೆ ಹುಡುಗಿಯ ಕೈ ಪರಚಿತ್ತು. ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ಅರಿಸಿನ ಮೆತ್ತಿ ಸುಮ್ಮನಾಗದೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ದು ಚುಚ್ಚುಮದ್ದು ಹಾಕಿಸಿದ್ದರು. ಸಂತಾನಹರಣದ ಶಸ್ತ್ರಚಿಕಿತ್ಸೆಗೆ ಐದನೆಯ ತಿಂಗಳೆಂದು ದಿನ ಗೊತ್ತಾಗಿದೆ. ಬೆಕ್ಕಿನ ಬಸುರು ಒಂಬತ್ತು ವಾರದ್ದೆಂದು ಕೇಳಿದ ಯಜಮಾನರು ಈ ವಿಷಯದಲ್ಲಿ ಮಾತ್ರ ಮರುಮಾತಾಡಲಿಲ್ಲ.

ಮಗಳು ಬಂದಿದ್ದಾಳೆ. ಅಟ್ಟದಿಂದ ತೊಟ್ಟಿಲನ್ನು ಇಳಿಸಿ ಒರೆಸಿಟ್ಟ ದಿನವೇ ಮರಿ ಅದರಲ್ಲಿ ಸುರುಳಿಯಾಗಿ ಮಲಗಿದ್ದಿತು. ಅಜ್ಜಿ ಗದರಲಿಲ್ಲ, ಅದನ್ನೆತ್ತಿ ಕೆಳಗೆ ಬಿಟ್ಟು, ತೊಟ್ಟಿಲಿಗೆ ಸೊಳ್ಳೆಪರದೆ ಹೊಲಿಯಲು ಕುಳಿತರು. ಒಣಗಿದ ಗೋಣಿಚೀಲವನ್ನು ಯಾರೋ ನಾಲ್ಕು ಮಡಿಕೆ ಮಾಡಿ ಬಚ್ಚಲ ಪಕ್ಕದ ಗೂಡಿನಲ್ಲಿ ಹಾಸಿದ್ದಾರೆ. ಹಾಸಿದವರು ಯಾರೆಂದು ಮಕ್ಕಳು ಕೇಳಿದರೆ ಯಜಮಾನರು ಪತ್ರಿಕೆಯಿಂದ ತಲೆಯೆತ್ತುವುದಿಲ್ಲ.