ಮಾದಕ ವಸ್ತು ಪ್ರಕರಣ: ಮನೆಯವರು ಮೊದಲು ತಿಳಿಯಬೇಕಾದದ್ದು

ಮಗನನ್ನು ಪೊಲೀಸರು ಕರೆದೊಯ್ದರೆಂದು ಅಳುತ್ತಾ ಬರುವ ಹೆತ್ತವರು ನಮ್ಮ ಬಳಿ ಸಾಮಾನ್ಯವಾಗಿ ಕೇಳುವುದು, "ಫಾದರ್, ಹುಡುಗ ಒಳ್ಳೆಯವನೆಂದು ಒಂದು ಪತ್ರ ಕೊಡಿ" ಎಂದು. ಪತ್ರ ಕೊಡಲು ನಮಗೆ ಬೇಸರವಿಲ್ಲ. ಆದರೆ ಇಂತಹ ಪ್ರಕರಣಗಳಲ್ಲಿ ಅದರಿಂದಾಗುವ ಉಪಯೋಗ ಬಹಳ ಕಡಿಮೆ. ಮೊದಲ ದಿನವೇ ಬೇಕಾದದ್ದು ವಕೀಲರು.

"ಅವನು ಮಾರಿಲ್ಲ, ಗೆಳೆಯನಿಗೆ ತಂದುಕೊಟ್ಟದ್ದಷ್ಟೇ" ಎಂಬ ಸಮಾಧಾನವನ್ನೂ ಕೇಳುತ್ತೇವೆ. ಇದು ತಪ್ಪು ತಿಳುವಳಿಕೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಮಾರುವುದು, ಕೊಳ್ಳುವುದು, ಸಾಗಿಸುವುದು, ಬಳಿಯಲ್ಲಿಟ್ಟುಕೊಳ್ಳುವುದು ಎಲ್ಲವೂ ಅಪರಾಧವೇ. ಶಿಕ್ಷೆಯನ್ನು ಮುಖ್ಯವಾಗಿ ನಿರ್ಧರಿಸುವುದು ತೂಕ. ಗಾಂಜಾ 1 ಕಿಲೋವರೆಗೆ ಸಣ್ಣ ಪ್ರಮಾಣ, 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ಎಂಡಿಎಂಎಗೆ ಈ ಗಡಿಗಳು ಅರ್ಧ ಗ್ರಾಂ ಮತ್ತು 10 ಗ್ರಾಂ ಮಾತ್ರ! ಸಣ್ಣ ಪ್ರಮಾಣಕ್ಕೆ 1 ವರ್ಷದವರೆಗೆ, ನಡುವಿನದಕ್ಕೆ 10 ವರ್ಷದವರೆಗೆ, ವಾಣಿಜ್ಯ ಪ್ರಮಾಣಕ್ಕೆ 10ರಿಂದ 20 ವರ್ಷ ಸೆರೆವಾಸ. ಬೆರಕೆ ಮಾಡಿದ ಪುಡಿಯಾದರೆ ಒಟ್ಟು ತೂಕವನ್ನೇ ಲೆಕ್ಕಹಿಡಿಯಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಾಣಿಜ್ಯ ಪ್ರಮಾಣವಾದರೆ 37ನೇ ಸೆಕ್ಷನ್ ಅಡ್ಡಬರುತ್ತದೆ: ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಕಾರಣವಿದೆಯೆಂದು ನ್ಯಾಯಾಲಯಕ್ಕೆ ಅನಿಸದೆ ಜಾಮೀನಿಲ್ಲ.

ಹಾಗಾದರೆ ವಕೀಲರು ಏನು ನೋಡುತ್ತಾರೆ? ಮೈ ತಪಾಸಣೆಗೆ ಮುನ್ನ, ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಕೇಳುವ ಹಕ್ಕಿದೆಯೆಂದು ಆರೋಪಿಗೆ ತಿಳಿಸಲೇಬೇಕು (50ನೇ ಸೆಕ್ಷನ್). ಚೀಲ, ವಾಹನಗಳ ತಪಾಸಣೆಗೆ ಇದು ಅನ್ವಯಿಸದು. ವಶಪಡಿಸಿಕೊಂಡ ವಸ್ತುವಿನ ಮಾದರಿ ತೆಗೆದ ರೀತಿ, ಮಹಜರಿನಲ್ಲಿ ಬರೆದ ತೂಕ, ಸಾಕ್ಷಿಗಳು ಯಾರು, ಎಲ್ಲವೂ ಮುಖ್ಯ. ತನಿಖಾಧಿಕಾರಿಗಳ ಮುಂದೆ ಕೊಟ್ಟ ತಪ್ಪೊಪ್ಪಿಗೆಯ ಮೇಲೆ ಶಿಕ್ಷೆ ನೀಡುವಂತಿಲ್ಲವೆಂದೂ ಸುಪ್ರೀಂ ಕೋರ್ಟ್ 2020ರಲ್ಲೇ ತೀರ್ಪು ಕೊಟ್ಟಿದೆ.

ಇನ್ನೊಬ್ಬರ ಚೀಲ ಹೊತ್ತು ಸಿಕ್ಕಿಬಿದ್ದವನ ಪಾಡು ಕಠಿಣ. ವಸ್ತು ಅವನ ಬಳಿ ಇತ್ತೆಂದು ಸಾಬೀತಾದರೆ, ತಿಳಿದೇ ಇಟ್ಟುಕೊಂಡನೆಂದು ಕಾಯ್ದೆ ಭಾವಿಸುತ್ತದೆ. ತಿಳಿದಿರಲಿಲ್ಲವೆಂದು ತೋರಿಸುವ ಹೊಣೆ ಅವನದೇ. ಆದ್ದರಿಂದ ಟಿಕೆಟ್, ಫೋನ್ ಸಂದೇಶಗಳನ್ನು ಜೋಪಾನವಾಗಿಡಿ. ಹೆದರಿ ಸಂದೇಶ ಅಳಿಸುವವರಿದ್ದಾರೆ. ನಿರ್ದೋಷಿಯನ್ನು ಉಳಿಸಬಹುದಾದ ಸಾಕ್ಷ್ಯವೂ ಅದರೊಂದಿಗೆ ಹೋಗುತ್ತದೆ. "ಒಳಗಿನವರ ಪರಿಚಯವಿದೆ" ಎಂದು ಹಣ ಕೇಳುವವರನ್ನು ಹೊಸ್ತಿಲು ದಾಟಿಸಬೇಡಿ.

ತಪ್ಪಿತಸ್ಥರನ್ನು ಪಾರುಮಾಡುವ ದಾರಿ ಹೇಳುತ್ತಿದ್ದೇವೆಯೇ ಎಂದು ಕೆಲವರು ಕೇಳಬಹುದು. ತಪ್ಪು ಮಾಡಿದವನಿಗೂ ನ್ಯಾಯಯುತ ವಿಚಾರಣೆ ಸಿಗಬೇಕೆಂಬುದಷ್ಟೇ ನಮ್ಮ ಮಾತು. ಚಟಕ್ಕೆ ಬಿದ್ದು, ಸಣ್ಣ ಪ್ರಮಾಣದೊಂದಿಗೆ ಸಿಕ್ಕವನು ತಾನಾಗಿಯೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ, ಮೊಕದ್ದಮೆಯಿಂದ ವಿನಾಯಿತಿ ಪಡೆಯಲು 64ಎ ಸೆಕ್ಷನ್‌ನಲ್ಲಿ ಅವಕಾಶವಿದೆ. ಚಿಕಿತ್ಸೆ ಪೂರ್ಣಗೊಳಿಸದಿದ್ದರೆ ಅದು ರದ್ದಾಗಬಹುದು.

ಬಂಧಿತನನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಕೀಲರಿಗೆ ಹಣವಿಲ್ಲದವರು, ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆಂದು ತಿಳಿದಿರಲಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಗುರಿಕಾರರು ಈ ಸಂಖ್ಯೆಯನ್ನು ತಮ್ಮ ವಾಳೆಯ ಮನೆಗಳಿಗೆ ತಿಳಿಸಬೇಕೆಂದು ಕೋರುತ್ತೇವೆ.