ಕರಿಯ ಒಬ್ಬನೇ ಬಂದ ದಿನ

ಬೆಳಗಿನ ಆರು ಗಂಟೆಗೆ ನಮ್ಮ ಬೀದಿಯಲ್ಲಿ ಮನುಷ್ಯರಿಗೆ ಹೆಸರಿಲ್ಲ. ಹೆಸರಿರುವುದು ನಾಯಿಗಳಿಗೆ ಮಾತ್ರ. ಕೊಬ್ಬರಿ ವ್ಯಾಪಾರ ಮಾಡುವವರೊಬ್ಬರು ನಮಗೆಲ್ಲ ‘ರಾಜನ ಯಜಮಾನರು’. ನರ್ಸ್ ಕೆಲಸದಲ್ಲಿರುವ ಹೆಣ್ಣುಮಗಳು ‘ಚಿಂಟು ಅಮ್ಮ’. ಮೂಲೆಮನೆಯಲ್ಲಿ ಒಂಟಿಯಾಗಿರುವ ಹಿರಿಯರು ‘ಕರಿಯನ ಅಜ್ಜಿ’. ಕರಿಯನನ್ನು ಯಾರೂ ಕೊಂಡು ತಂದು ಸಾಕಿದ್ದಲ್ಲ. ಬೀದಿಯಲ್ಲಿ ಹುಟ್ಟಿ, ಅಜ್ಜಿ ಹಾಕುವ ಮುದ್ದೆಯ ಚೂರಿಗೆ ಒಲಿದು, ತಾನೇ ಅವರ ಹಿಂದೆ ನಡೆಯತೊಡಗಿದವನು.

ನಮ್ಮದು ಅರಸೀಕೆರೆ. ರೈಲ್ವೆ ಜಂಕ್ಷನ್ ಊರು. ನಾನೂ ರೈಲ್ವೆಯಲ್ಲೇ ದುಡಿದವನು. ರಾತ್ರಿ ಪಾಳಿ ಮುಗಿಸಿ ನಾನು ಮಲಗುವ ಹೊತ್ತಿಗೆ ಬೀದಿ ಏಳುತ್ತಿತ್ತು. ಹಾಗಾಗಿ ಎಷ್ಟೋ ವರ್ಷ ಪಕ್ಕದ ಮನೆಯವರ ಮುಖವೂ ಸರಿಯಾಗಿ ಗೊತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಡಾಕ್ಟರು ನಡೆಯಲು ಹೇಳಿದರು. 1220ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ ನಮ್ಮೂರಿನ ಶಿವಾಲಯದವರೆಗೆ ಹೋಗಿ ಬರುವುದು ರೂಢಿಯಾಯಿತು. ನೆರೆಯವರ ಪರಿಚಯ ಮಾಡಿಕೊಟ್ಟದ್ದು ನಾಯಿಗಳೇ. ಮನುಷ್ಯರು ಎದುರಾದರೆ ತಲೆಯಾಡಿಸಿ ಮುಂದೆ ಹೋಗುತ್ತಾರೆ. ನಾಯಿಗಳು ಹಾಗಲ್ಲ, ನಿಂತು ಮೂಸುತ್ತವೆ. ಅವು ನಿಂತರೆ ನಾವೂ ನಿಲ್ಲಲೇಬೇಕು. ನಿಂತ ಮೇಲೆ ಮಂಡಿನೋವು, ತೆಂಗಿನಕಾಯಿ ಬೆಲೆ, ಬೆಂಗಳೂರಿನಲ್ಲಿರುವ ಮಕ್ಕಳ ಫೋನು, ಎಲ್ಲ ಮಾತಿಗೆ ಬರುತ್ತದೆ.

ಕಳೆದ ದಸರಾ ರಜೆಗೆ ಮೊಮ್ಮಗಳು ಬಂದಳು. ನಾಲ್ಕನೇ ತರಗತಿ. ನಾಯಿ ಕಂಡರೆ ನನ್ನ ಪಂಚೆಯ ಹಿಂದೆ ಅಡಗುತ್ತಿದ್ದಳು. ಚಿಂಟು ಅಮ್ಮ ಅವಳಿಗೆ ಪಾಠ ಹೇಳಿದರು.

“ಮೊದಲು ಜೊತೆಯಲ್ಲಿರುವವರನ್ನು ಕೇಳು ಪುಟ್ಟಿ, ಮುಟ್ಟಬಹುದಾ ಅಂತ. ಅವರು ಹೂಂ ಅಂದರೂ ಓಡಿ ಹೋಗಬೇಡ. ಸ್ವಲ್ಪ ಪಕ್ಕಕ್ಕೆ ತಿರುಗಿ ಸುಮ್ಮನೆ ನಿಲ್ಲು. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡ. ಅದೇ ಬಂದು ಮೂಸಲಿ. ನಾವು ಮುಖ ನೋಡಿ ಗುರುತು ಹಿಡಿಯೋ ಹಾಗೆ ಅದು ವಾಸನೆಯಿಂದ ಹಿಡಿಯುತ್ತೆ. ಆಮೇಲೆ ಕತ್ತಿನ ಪಕ್ಕ ಸವರು, ತಲೆಯ ಮೇಲೆ ಕೈ ತರಬೇಡ. ಊಟ ಮಾಡುವಾಗ, ಮಲಗಿದಾಗ, ಮರಿ ಹಾಕಿದಾಗ ಹತ್ತಿರ ಹೋಗಲೇಬೇಡ. ಗೊತ್ತಿಲ್ಲದ ನಾಯಿ ಮೇಲೆ ಬಂದರೆ ಓಡಬೇಡ, ಕಂಬದ ಹಾಗೆ ನಿಲ್ಲು.”

ಇನ್ನೊಂದು ಮಾತನ್ನು ಅವರು ಗಟ್ಟಿಯಾಗಿ ಹೇಳಿದರು. ಕಚ್ಚಿದರೆ, ಪರಚಿದರೆ, ಮನೆಯಲ್ಲಿ ಬೈತಾರೆ ಎಂದು ಮುಚ್ಚಿಡಬಾರದು. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಖಾರದಪುಡಿ ಯಾವುದನ್ನೂ ಹಚ್ಚಬಾರದು. ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಬೇಕು, ಹೇಳಿದ ದಿನಗಳಂದು ಎಲ್ಲ ಸೂಜಿಯನ್ನೂ ಮುಗಿಸಬೇಕು. ರೇಬೀಸ್ ಕಾಣಿಸಿಕೊಂಡ ಮೇಲೆ ಉಳಿಯುವುದು ತೀರ ಅಪರೂಪ. ಮೊದಲೇ ಲಸಿಕೆ ಪಡೆದರೆ ತಡೆಯಬಹುದು.

ನಾಲ್ಕು ದಿನದಲ್ಲಿ ಪುಟ್ಟಿಗೆ ಬೀದಿಯ ನಾಯಿಗಳ ಹೆಸರೆಲ್ಲ ಬಾಯಿಪಾಠ. ಐದನೆಯ ದಿನ ಅವಳೇ ಕೇಳಿದಳು, “ತಾತ, ಕರಿಯ ಒಬ್ಬನೇ ಬಂದಿದ್ದಾನೆ. ಅವನ ಅಜ್ಜಿ ಎಲ್ಲಿ?”

ಕರಿಯ ಸಿನಿಮಾ ನಾಯಿಯ ಹಾಗೆ ಪಂಚೆ ಹಿಡಿದು ಎಳೆಯಲಿಲ್ಲ. ಹೊತ್ತಿಗೆ ಸರಿಯಾಗಿ ಬಂದ, ಅಜ್ಜಿಯಿಲ್ಲದೆ ಬಂದ, ಅಷ್ಟೆ. ನಾನೂ ರಾಜನ ಯಜಮಾನರೂ ಮೂಲೆಮನೆಗೆ ಹೋಗಿ ಕರೆದರೆ ಒಳಗಿನಿಂದ ಸಣ್ಣ ದನಿ. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಫೋನು ನಡುಮನೆಯಲ್ಲಿತ್ತು. ಚಿಂಟು ಅಮ್ಮ ಬಂದು ಕಾಲು ಅಲುಗದಂತೆ ಕಟ್ಟಿದರು, ಆಸ್ಪತ್ರೆಗೆ ಕರೆದೊಯ್ದೆವು. ಅವರ ಮಗ ಬೆಂಗಳೂರಿನಿಂದ ಬರುವವರೆಗೆ ಕರಿಯನಿಗೆ ಮುದ್ದೆ ಹಾಕಿದ್ದು ಪುಟ್ಟಿ.

ರಜೆ ಮುಗಿಯುವ ಮುಂಚೆ ಅವಳನ್ನು ಹಳೇಬೀಡು, ಬೇಲೂರಿಗೆ ಕರೆದುಕೊಂಡು ಹೋದೆ. ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಕುದುರೆ ಸವಾರರು, ಮಕರ, ಹಂಸ. ಸುತ್ತು ಹಾಕಿದವಳೇ, “ನಾಯಿಗಳ ಸಾಲು ಯಾಕಿಲ್ಲ ತಾತ?” ಎಂದು ಮುಖ ಊದಿಸಿಕೊಂಡಳು.

ಸಾಲು ಇಲ್ಲದಿದ್ದರೇನು, ಒಂದು ನಾಯಿಗೆ ಇಡೀ ಕಲ್ಲೇ ಇದೆ ಎಂದು ಆತಕೂರಿನ ಕಥೆ ಹೇಳಿದೆ. ಅದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಊರು. ಕ್ರಿ.ಶ. 949–50ರ ಶಾಸನ. ಮಣಲೆರನೆಂಬ ವೀರ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಅರಸ ಮೆಚ್ಚಿ, ಬೇಕಾದ್ದು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಒಂದು ದೊಡ್ಡ ಕಾಡುಹಂದಿಯೊಡನೆ ಹೋರಾಡಿತು. ಎರಡೂ ಸತ್ತವು. ಮಣಲೆರ ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

“ಹಂಗಾದರೆ ಮಣಲೆರ ಅಂದರೆ ಕಾಳಿಯ ಯಜಮಾನರು!” ಎಂದಳು ಪುಟ್ಟಿ.

ಮಕ್ಕಳೇ, ನಿಮ್ಮ ಬೀದಿಯಲ್ಲಿ ಬೆಳಿಗ್ಗೆ ಯಾವ ನಾಯಿ ಯಾರ ಜೊತೆ ಬರುತ್ತದೆ, ನೋಡಿಟ್ಟುಕೊಳ್ಳಿ. ಅಜ್ಜ ಅಜ್ಜಿಯರೇ, ಊರಿಗೆ ಹೊರಟರೆ ನೆರೆಯವರಿಗೊಂದು ಮಾತು ಹೇಳಿ ಹೋಗಿ. ಹೇಳದೆ ಕೇಳದೆ ಯಾರಾದರೂ ಎರಡು ದಿನ ಕಾಣಲಿಲ್ಲ ಅನ್ನಿ, ನಾಯಿ ಒಂದೇ ಬಂತು ಅನ್ನಿ, ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಅವರ ಮನೆಯ ಬಾಗಿಲು ತಟ್ಟಿ.